ಬಲಕ್ಕೆ ಎಳೆಯುವ ಗಾಡಿ

ಆ ದಿನ ನಲ್ಲಿಯಲ್ಲಿ ನೀರು ಬರುವ ಸರದಿ. ಐದೂವರೆಗೇ ಎದ್ದು ಎರಡು ಡ್ರಮ್ಮು, ತಾಮ್ರದ ಹಂಡೆ, ಕೊನೆಗೆ ಗಿಡಗಳ ಬಕೆಟ್ಟು ತುಂಬಿಸಿಕೊಂಡೆ. ಹಾಲು ಕಾಯಲಿಟ್ಟು, ಹೆಪ್ಪು ಹಾಕಿದ್ದ ಪಾತ್ರೆಯ ತಟ್ಟೆ ಸರಿಸಿ ನೋಡಿದೆ. ಮೊಸರು ಗಟ್ಟಿಯಾಗಿ ಕೂತಿತ್ತು. ಪಾತ್ರೆ ಓರೆ ಮಾಡಿದರೂ ಅಲುಗಲಿಲ್ಲ. ಎದುರು ಮನೆಯ ಅವ್ವನವರು ವಾರದಲ್ಲಿ ನಾಲ್ಕು ಸಂಜೆಯಾದರೂ ಹೆಪ್ಪಿಗೆ ಬರುತ್ತಾರೆ. ಅವರ ಪಾಲೆಂದು ಒಂದು ಸಣ್ಣ ಬಟ್ಟಲು ತೆಗೆದು ಪಕ್ಕಕ್ಕಿಟ್ಟೆ.

ನಮ್ಮ ಯಜಮಾನರು ಇಲ್ಲೇ ಬೀದರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ರೊಟ್ಟಿ ತಿನ್ನುವಾಗ ಮೊದಲು ಅಂಚನ್ನು ಸುತ್ತಲೂ ಮುರಿದು ಮುಗಿಸಿ, ನಡುವಿನ ಮೆತ್ತನೆಯ ಭಾಗವನ್ನು ಕೊನೆಗೆ ಉಳಿಸಿಕೊಳ್ಳುವುದು ಅವರ ಅಭ್ಯಾಸ. ಅಂದು ನಡುವಿನಿಂದಲೇ ಶುರು ಮಾಡಿದರು. ಏನೋ ಹೇಳುವುದಿದೆ ಎಂದು ನನಗೆ ಗೊತ್ತಾಯಿತು. ಬದನೆಕಾಯಿ ಪಲ್ಯ ಬಡಿಸಿ ಅಲ್ಲೇ ನಿಂತೆ.

"ಇವತ್ತ ಕಡೀ ಸಲ ನೋಡು," ಅಂದರು. "ಗಾಡಿ ಸೀದಾ ಆಯ್ತು ಅಂದ್ರ ಛಲೋ. ಆಗ್ಲಿಲ್ಲಂದ್ರ ಆ ಹೆಚ್ಚಿನ ಸಾಮಾನೆಲ್ಲ ಬಿಚ್ಚಿಸಿ, ಕಂಪನಿಯವ್ರು ಹ್ಯಾಂಗ ಮಾಡಿದ್ರೋ ಹಂಗ ಮಾಡಸ್ಬೇಕು. ಅದೂ ಬ್ಯಾಡಂದ್ರ ಬಟ್ಟಿ ಹೊಚ್ಚಿ ನಿಲ್ಲಿಸಿಬಿಡು. ಒಂದ ಗಾಡಿ ಸಲುವಾಗಿ ನಿನ್ನ ಕಳ್ಕೊಳ್ಲಿಕ್ಕಿ ನಾ ತಯಾರಿಲ್ಲ."

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ಇಷ್ಟು ಉದ್ದದ ತಾಕೀತು ಕೊಟ್ಟಿರಲಿಲ್ಲ. ದನಿ ಏರಿಸಿರಲಿಲ್ಲ, ಅದಕ್ಕೇ ಎದುರಾಡಲು ಆಗಲಿಲ್ಲ. "ಹೂಂ," ಅಂದು ಅವರ ಡಬ್ಬಿ ಕಟ್ಟಿದೆ.

ಆ ಗಾಡಿ ನಮ್ಮಪ್ಪನದು. ಬಿಳಿಯ ಅಂಬಾಸಿಡರ್. ಅಪ್ಪ ಔರಾದದಲ್ಲಿ ಡಾಕ್ಟರಾಗಿದ್ದರು. ಬೆಳಿಗ್ಗೆ ದವಾಖಾನೆ, ಮಧ್ಯಾಹ್ನದ ಮೇಲೆ ಹಳ್ಳಿಗಳು. ಡಾಬಕಾ ಕಡೆಗೆ ಹೋದರೆಂದರೆ ಮರಳುವಾಗ ಗಾಡಿಯ ಹೊಟ್ಟೆಯೆಲ್ಲ ಕಪ್ಪು ಮಣ್ಣು. ನಾನು ಬೀದರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ತಿಂಗಳಿಗೊಮ್ಮೆ ನನ್ನನ್ನು ಕಾಣಲು ಬಂದಾಗ ಆ ಮಣ್ಣು ಸಿಸ್ಟರ್‌ಗಳ ಸಾರಿಸಿದ ಅಂಗಳದಲ್ಲಿ ಉದುರುತ್ತಿತ್ತು. ನಾಚಿಕೆಯಾಗುತ್ತಿತ್ತು ನನಗೆ. ಅವರು ಹೋದ ಮೇಲೆ ಒಂದು ಹೆಂಟೆ ಎತ್ತಿ ಕಿಸೆಯಲ್ಲಿ ಹಾಕಿಕೊಂಡಿದ್ದೂ ಇದೆ.

ಮಳೆಗಾಲದ ಎರೆಮಣ್ಣಿನಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಕುತ್ತದೆಂದು ಅಪ್ಪ ಅದರ ಕಾಲುಗಳನ್ನೇ ಬದಲಿಸಿದ್ದರು. ಮುಂದಿನ ಎರಡೂ ಚಕ್ರಗಳ ಹತ್ತಿರ ಗಾಡಿಯನ್ನು ಎತ್ತರಿಸಿ, ಬೇರೆ ಜಾತಿಯ ಶಾಕ್ ಅಬ್ಸಾರ್ಬರ್ ಕೂಡಿಸಿ, ಹಿಂದಿನ ಕಮಾನು ಸ್ಪ್ರಿಂಗುಗಳಿಗೆ ಒಂದೊಂದು ಉಕ್ಕಿನ ಪಟ್ಟಿ ಹೆಚ್ಚು ಸೇರಿಸಿದ್ದರು. ಹಾಗಾಗಿ ನಮ್ಮ ಗಾಡಿ ಉಳಿದ ಅಂಬಾಸಿಡರ್‌ಗಳಿಗಿಂತ ನಾಲ್ಕು ಬೆರಳು ಎತ್ತರ; ಕೆಸರು ದಾಟಲು ಸೀರೆ ಎತ್ತಿ ಹಿಡಿದ ಹೆಂಗಸಿನ ಹಾಗೆ ಕಾಣುತ್ತದೆ.

ಅಪ್ಪ ಹೋಗಿ ಎರಡು ವರ್ಷವಾಯಿತು. ದವಾಖಾನೆ ಖಾಲಿ ಮಾಡುವಾಗ ಕುರ್ಚಿ, ಬೀರು, ತೂಕದ ಯಂತ್ರ ಒಬ್ಬೊಬ್ಬರು ಒಂದೊಂದು ಒಯ್ದರು. ಗಾಡಿ ನನಗಿರಲಿ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ನಾನು ಕೇಳಿ ತೆಗೆದುಕೊಂಡ ವಸ್ತುಗಳು ಜೀವನದಲ್ಲಿ ಕಡಿಮೆ. ಡ್ರೈವಿಂಗ್ ಅಪ್ಪನೇ ಕಲಿಸಿದ್ದರು. ಅವರ ಸೀಟಿನಲ್ಲಿ ಅವರ ಮೈ ಮಾಡಿದ ತಗ್ಗು ಇನ್ನೂ ಹಾಗೇ ಇದೆ. ಅದರೊಳಗೆ ನಾನು ಮುಳುಗಿಹೋಗುತ್ತೇನೆಂದು, ಕಾನ್ವೆಂಟಿನಲ್ಲಿ ಕಸೂತಿ ಹಾಕಿದ್ದ ದಿಂಬನ್ನು ಇಟ್ಟುಕೊಂಡು ಕೂರುತ್ತೇನೆ.

ಆದರೆ ನನ್ನ ಕೈಗೆ ಬಂದ ದಿನದಿಂದ ಗಾಡಿ ಬಲಕ್ಕೆ ಎಳೆಯತೊಡಗಿತು. ಎದುರಿನಿಂದ ಬರುವ ಲಾರಿಗಳ ಕಡೆಗೆ. ಬಲಗಡೆಯ ಮುಂದಿನ ಟೈರು ಹೊರಗಿನ ಅಂಚಿನಲ್ಲಿ ಮಾತ್ರ ಸವೆದು, ತುರಿಯುವ ಮಣೆಗೆ ಹಿಡಿದ ಗಜ್ಜರಿಯ ಹಾಗಾಗುತ್ತಿತ್ತು. ಎರಡು ಸಲ ಟೈರು ಬದಲಿಸಿದರೂ ಅದೇ ಕಥೆ.

ಬೀದರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ವೀಲ್ ಅಲೈನ್‌ಮೆಂಟ್ ಮಾಡುವ ಅಂಗಡಿಯೊಂದಕ್ಕೆ ಒಯ್ದೆ. ಚಕ್ರಗಳಿಗೆ ಕನ್ನಡಿಯಂಥ ಫಲಕ ಕಟ್ಟಿ, ಅವನು ಪರದೆಯ ಮೇಲೆ ನಮ್ಮ ಗಾಡಿಯ ಹೆಸರು ಹುಡುಕಿದ, ಸಿಗಲಿಲ್ಲ. ಬೇರೊಂದು ಗಾಡಿಯ ಹೆಸರು ಒತ್ತಿ ಕೆಲಸ ಮುಗಿಸಿದ. "ಎಲ್ಲಾ ಹಸಿರ ಬಂದದ ನೋಡ್ರಿ ಮೇಡಂ," ಅಂದ. ಗೇಟು ದಾಟುವುದರೊಳಗೆ ಮತ್ತೆ ಬಲಕ್ಕೆ ಎಳೆಯಿತು. ಹಸಿರು ಬಂದದ್ದು ಆ ಬೇರೆ ಗಾಡಿಗೆ ಇರಬೇಕು. ಇನ್ನೊಂದು ಅಂಗಡಿಯವನು ಗಾಡಿ ಎತ್ತಿಸಿ, ಕೆಳಗೆ ಬಗ್ಗಿ ನೋಡಿ ನಕ್ಕುಬಿಟ್ಟ. "ಯಾರ್ರಿ ಇದನ್ನ ಹಿಂಗ ಮಾಡಿದ್ದು? ಎಲ್ಲ ಬಿಚ್ಚಿ ಒಗೀರಿ ಮೊದಲ." ಅವನು ಹೇಳಿದ್ದು ಸರಿಯೇ ಇರಬಹುದು. ಆದರೆ ನಕ್ಕದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಆಮೇಲೆ, ಆ ದಿನಕ್ಕೆ ಒಂದು ವಾರ ಹಿಂದಿನ ಸಂಗತಿ. ಔರಾದದಿಂದ ಬರುತ್ತಾ, ಜನವಾಡ ಇನ್ನೂ ಎರಡು ಮೈಲಿ ಇರುವಾಗ ಸೇತುವೆಯ ಮೇಲೆ ನನಗೊಂದು ಸೀನು ಬಂತು. ಒಂದೇ ಸೀನು. ಒಂದು ಕೈ ಬಾಯಿಗೆ ಹೋಗಿತ್ತು. ಕಣ್ಣು ತೆರೆಯುವಷ್ಟರಲ್ಲಿ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ನನ್ನ ಗಾಜಿನ ತುಂಬಾ ಇತ್ತು. ಹೇಗೋ ತಿರುಗಿಸಿದೆ, ಕಣಿಕೆಯ ತುದಿಗಳು ಗಾಡಿಯ ಪಕ್ಕವನ್ನು ಸರ್ರನೆ ಕೆರೆದುಕೊಂಡು ಹೋದವು. ಮನೆಗೆ ಬಂದು ಯಜಮಾನರಿಗೆ ಹೇಳದೆ ಇರಬಹುದಿತ್ತು. ನನಗೆ ಮುಚ್ಚಿಡಲು ಬರುವುದಿಲ್ಲ. ಕನ್ನಡಿಗೆ ಸಿಕ್ಕಿದ್ದ ಕಣಿಕೆಯ ಗರಿಯನ್ನು ಅವರೇ ಬಿಡಿಸಿ ತೆಗೆದರು, ಮಾತಾಡಲಿಲ್ಲ. ಆ ಮಾತು ಅಂದಿನ ರೊಟ್ಟಿಯ ತನಕ ಕಾದಿತ್ತು.

ಭಾಲ್ಕಿಗೆ ಒಯ್ಯಲು ಹೇಳಿದ್ದು ಅಪ್ಪನ ಕಂಪೌಂಡರ್ ಕಾಕಾ. ಔರಾದದಲ್ಲೇ ಇದ್ದಾರೆ. ಫೋನಿನಲ್ಲಿ ನನ್ನ ಗೋಳು ಕೇಳಿ, "ಆ ಗಾಡಿಗಿ ಕಂಪ್ಯೂಟರ್ ಏನ ತಿಳೀತದವಾ? ಭಾಲ್ಕಿ ಉಸ್ತಾದ್ ಮಾಡಿದ ಕೆಲಸ ಅದು. ಅಲ್ಲಿಗೇ ಒಯ್ಯಿ," ಅಂದಿದ್ದರು.

ಒಂಬತ್ತಕ್ಕೆ ಗಾಡಿ ಹೊರಗೆ ತೆಗೆದೆ. ಎದುರು ಮನೆಯ ಅವ್ವನವರು ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಅವರಿಗೆ ಕಣ್ಣಿನ ಪೊರೆ. ಬೇಳೆಯಲ್ಲಿನ ಹರಳನ್ನು ಬೆರಳಿನಲ್ಲೇ ಗುರುತಿಸುತ್ತಾರೆ, ಮನುಷ್ಯರನ್ನು ದನಿಯಿಂದ. ಎಂಜಿನ್ನಿನ ಸದ್ದಿಗೆ ತಲೆ ಎತ್ತಿ, "ಹುಷಾರಿಲೆ ಹೋಗಿ ಬರ್ರಿ ಇಬ್ಬರೂ," ಅಂದರು. ಯಜಮಾನರು ಸ್ಕೂಟರಿನಲ್ಲಿ ಆಗಲೇ ಹೋಗಿದ್ದರು. ವಯಸ್ಸಾದವರು, ಏನೋ ಅಂದುಕೊಂಡಿರಬೇಕು ಎಂದು "ಹೂಂನ್ರಿ ಅವ್ವಾ," ಅಂದು ಹೊರಟೆ. ಅವರು ಹಾಗೆ ಇಬ್ಬರ ಲೆಕ್ಕದಲ್ಲಿ ಮಾತಾಡಿದ್ದು ಅದೇ ಮೊದಲಲ್ಲ.

ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಲಾರಿಗಳ ಸಾಲು. ಹಮಾಲರು ತಳ್ಳುಗಾಡಿ ಅಡ್ಡ ನಿಲ್ಲಿಸಿಕೊಂಡು ಮಾತಿಗೆ ನಿಂತಿದ್ದರು. ಅಲ್ಲಿ ನಿಧಾನ ಹೋಗುವಾಗ ಎಳೆತ ತಿಳಿಯುವುದಿಲ್ಲ. ಊರು ದಾಟಿ ವೇಗ ಹಿಡಿದ ಮೇಲೆ ಶುರುವಾಗುತ್ತದೆ: ಬಾಗಿಲ ಮರೆಯಲ್ಲಿ ನಿಂತ ಯಾರೋ ಸೆರಗು ಹಿಡಿದು ಮೆಲ್ಲಗೆ ಜಗ್ಗಿದ ಹಾಗೆ. ಜೋರಿಲ್ಲ, ಆದರೆ ಬಿಡುವುದೂ ಇಲ್ಲ. ಎರಡೂ ಕೈಯಿಂದ ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದು ಭಾಲ್ಕಿ ಮುಟ್ಟುವಾಗ ಭುಜ ಕಲ್ಲಾಗಿತ್ತು.

ಉಸ್ತಾದ್ ತೀರಿಕೊಂಡು ಬಹಳ ದಿನವಾಗಿತ್ತು. ಅವರ ಶಿಷ್ಯ, ಈಗ ತಾವೇ ಅಜ್ಜನಾಗಿರುವ ಮಿಸ್ತ್ರಿ, ಬೇವಿನ ಗಿಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಡಿಯುತ್ತಿದ್ದರು. ಗಡ್ಡಕ್ಕೆ ಮೆಹಂದಿ. ಕಂಪ್ಯೂಟರ್ ಇರಲಿಲ್ಲ. ಗೋಡೆಗೆ ಮೂರು ಮೊಳೆ, ಅವುಗಳಲ್ಲಿ ದಾರದ ಉಂಡೆ, ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವಂಥ ಹಿತ್ತಾಳೆಯ ಗುಂಡು, ಒಂದು ಬಿದಿರಿನ ಕೋಲು. ಇಷ್ಟರಿಂದ ಆಗುವ ಕೆಲಸವೇ ಇದು?

ಅವರು ಗಾಡಿಯನ್ನು ಮುಟ್ಟುವ ಮುಂಚೆ ಸುತ್ತ ಒಂದು ಸಲ ನಡೆದರು. ಬಲಗಡೆಯ ಟೈರಿನ ಮೇಲೆ ಅಂಗೈ ಆಡಿಸಿದರು, ಮಗುವಿಗೆ ಜ್ವರ ನೋಡುವ ಹಾಗೆ.

"ಬಾಯಿ," ಅಂದರು, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ. "ಗಾಡಿ ಯಾರ ಹೊಡೀತಾರ್ರಿ?"

"ನಾನೇ ಹೊಡೀತೇನಿ."

"ಬಾಜೂಕ ಯಾರರೇ ಕೂಡತಾರ?"

"ಯಾರೂ ಇಲ್ರಿ. ನಾ ಒಬ್ಬಾಕಿನೇ."

"ಮೊದಲ ಯಾರ ಹೊಡೀತಿದ್ರು?"

"ನಮ್ಮ ಅಪ್ಪಾರು. ಔರಾದದಾಗ ಡಾಕ್ಟರ್ ಇದ್ರು."

ಮಿಸ್ತ್ರಿ ಗೋಣಿತಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಸರಿದರು. ಎರಡು ಪಾದ ಮಾತ್ರ ಕಾಣುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಆ ಪಾದಗಳು ಅಲುಗತೊಡಗಿದವು. ಒಳಗೆ ನಗುತ್ತಿದ್ದರು. ಇವರೂ ನಗುತ್ತಾರಲ್ಲ ಎಂದು ನನ್ನ ಕಿವಿ ಬಿಸಿಯಾಯಿತು.

"ಯಾ ಅಲ್ಲಾ!" ಕೆಳಗಿನಿಂದಲೇ ಕೂಗಿದರು. "ನಮ್ಮ ಉಸ್ತಾದರ ಛೀಣಿ ಗುರ್ತ ಇದು. ಬಾಯಿ, ನಿಮ್ಮ ಅಪ್ಪಾರ ಜೋಡಿ ಒಬ್ರು ಸಣಕಲ ಕಂಪೌಂಡರ್ ಬರ್ತಿದ್ರಲ್ಲ? ಮಳಿ ಕೊಡಿ ಕಡ್ಡಿ ಇದ್ದಂಗ?"

"ಹೌದ್ರಿ. ಈಗೂ ಹಂಗೇ ಇದ್ದಾರ."

"ಮತ್ತ ಸಾಹೇಬರು ಪೈಲ್ವಾನರು. ಒಂದ ಕಡಿ ಆನಿ, ಒಂದ ಕಡಿ ಕೊಡಿ! ಗಾಡಿ ಬಲಕ್ಕ ಕುಸೀತದ ಅಂತ ನಮ್ಮ ಉಸ್ತಾದರ ತಲಿ ತಿಂದಿದ್ರು."

ಈ ನಗು ಬೇರೆಯಾಗಿತ್ತು. ನನಗೂ ನಗು ಬಂತು. ಅಪ್ಪ ನೂರು ಕಿಲೋ ಹತ್ತಿರ ಇದ್ದರು. ರೋಗಿಗಳಿಗೆ ಎಣ್ಣೆ ಬಿಡಿ, ಅಕ್ಕಿ ಬಿಡಿ ಎಂದು ಹೇಳಿ ಮನೆಗೆ ಬಂದು ತುಪ್ಪದಲ್ಲಿ ಹೋಳಿಗೆ ಮುಳುಗಿಸುತ್ತಿದ್ದವರು.

ಮಿಸ್ತ್ರಿ ಹೊರಗೆ ಬಂದು ಕೈ ಒರೆಸಿಕೊಂಡು ತಿಳಿಸಿ ಹೇಳಿದರು. ಈ ಗಾಡಿಯ ಮುಂದುಗಡೆ ಸುರುಳಿ ಸ್ಪ್ರಿಂಗು ಇಲ್ಲ. ಎರಡೂ ಬದಿಗೆ ಒಂದೊಂದು ಉದ್ದ ಉಕ್ಕಿನ ಸರಳು. ಒಗೆದ ಸೀರೆಯನ್ನು ಹಿಂಡುವಾಗ ಅದು ತಿರುಚಿಕೊಂಡು ಬಿಗಿಯಾಗುತ್ತದಲ್ಲ, ಹಾಗೆ ಆ ಸರಳು ತಿರುಚಿಕೊಂಡ ಬಿಗಿಯ ಮೇಲೆ ಗಾಡಿ ನಿಂತಿರುತ್ತದೆ. ಸರಳಿನ ತುದಿಯಲ್ಲಿ ಹಲ್ಲುಗಳಿವೆ. ಒಂದು ಹಲ್ಲು ಹೆಚ್ಚು ತಿರುವಿದರೆ ಆ ಬದಿ ಅಷ್ಟು ಎತ್ತರ. ಉಸ್ತಾದರು ಕೆಸರಿಗೆಂದು ಎರಡೂ ಬದಿ ಎತ್ತರಿಸಿದ್ದರು. ಅದರ ಮೇಲೆ, ಬಲಗಡೆಗೆ ಮಾತ್ರ ಇನ್ನೂ ಎರಡು ಹಲ್ಲು ಹೆಚ್ಚು ತಿರುವಿ ಉಳಿಯಿಂದ ಎರಡು ಗೀರು ಹಾಕಿದ್ದರು. ಅಪ್ಪ ಕೂತಾಗ ಗಾಡಿ ಸಮ. ಅಪ್ಪ ಇಲ್ಲದಾಗ ಬಲಗಡೆ ಮೇಲೇಳುತ್ತದೆ, ಚಕ್ರದ ತಲೆ ಹೊರಗೆ ವಾಲುತ್ತದೆ, ವಾಲಿದ ಕಡೆಗೆ ಗಾಡಿ ಎಳೆಯುತ್ತದೆ.

"ಸಾಹೇಬರ ಮೈಗಿ ಹೊಲಿದ ಅಂಗಿ ಇದು," ಅಂದರು. ಬೀದರಿನ ಕಂಪ್ಯೂಟರಿನ ಕಥೆ ನಾನು ಹೇಳಿದ್ದೆ. "ಬೀದರದಾಗ ಖಾಲಿ ಗಾಡಿಗಿ ಅಳತಿ ಹಿಡ್ದಾರ. ಖಾಲಿ ಗಾಡಿಗಿ ದಾರ ಹಿಡೀಬ್ಯಾಡ ಅಂತ ನಮ್ಮ ಉಸ್ತಾದರು ಕೋಲಿಲೆ ಹೊಡೀತಿದ್ರು ನಮಗ."

"ಈಗ ಏನ ಮಾಡ್ಬೇಕ್ರಿ?"

"ಬಲಕಿನ ಎರಡ ಹಲ್ಲ ಇಳಸ್ಬೇಕು."

ಬಿಚ್ಚಿ ಒಗೀರಿ ಎಂದ ಆ ಅಂಗಡಿಯವನ ಮಾತೇ ಬೇರೆ ದಾರಿಯಿಂದ ಬಂತೇನೋ ಅನ್ನಿಸಿತು. ಇಷ್ಟು ದೂರ ಬಂದದ್ದು ಅಪ್ಪ ಮಾಡಿಸಿದ್ದನ್ನು ಉಳಿಸಿಕೊಳ್ಳಲು. ಇಳಿಸದಿದ್ದರೆ ಗಾಡಿ ಬಟ್ಟೆಯ ಕೆಳಗೆ. ಇಳಿಸಿದರೆ ಅದು ಅಪ್ಪನ ಗಾಡಿ ಹೇಗೆ? ಬೇವಿನ ಗಿಡದ ಕೆಳಗಿನ ಮಡಕೆಯಿಂದ ನೀರು ಕುಡಿದೆ. ಲೋಟದ ಕಂಠದಲ್ಲಿ ಯಾರೋ ಹೆಸರು ಕೆತ್ತಿಸಿದ್ದರು, ಅರ್ಧ ಅಳಿಸಿತ್ತು. ಅದನ್ನೇ ಓದುತ್ತಾ ನಿಂತೆ.

ಮಿಸ್ತ್ರಿ ಅವಸರ ಮಾಡಲಿಲ್ಲ. ಇನ್ನರ್ಧ ಬಸಿ ಚಹಾ ಮುಗಿಸಿ ಅಂದರು: "ನೋಡ್ರಿ ಬಾಯಿ. ಎತ್ತರ ಮಾಡಿದ್ದು ಕರಿ ಮಣ್ಣಿಗಿ. ಮಣ್ಣ ಎಲ್ಲಿ ಹೋಗ್ಯಾದ? ಅದು ಇರ್ಲಿ. ಶಾಕಪ್ ಹಾಕಿದ್ದು ರಸ್ತಾದಾಗಿನ ಖಡ್ಡಾಕ. ಖಡ್ಡಾ ಎಲ್ಲಿ ಹೋಗ್ಯಾವ? ಅದೂ ಇರ್ಲಿ. ಈ ಎರಡ ಹಲ್ಲ ಸಾಹೇಬರಿಗಿ. ಅವ್ರೇ ಇಲ್ಲಂದ ಮ್ಯಾಲ ಇವು ಯಾರನ್ನ ಎತ್ತಬೇಕ್ರಿ?"

ಆ ಎರಡು ಹಲ್ಲು ಎರಡು ವರ್ಷದಿಂದ ಇಲ್ಲದವರನ್ನು ಎತ್ತಿ ಹಿಡಿದು ನಿಂತಿದ್ದವು. ನಾನೂ ಅದನ್ನೇ ಮಾಡುತ್ತಿದ್ದೆನೇನೋ.

"ಇಳಸ್ರಿ," ಅಂದೆ.

"ನಿಮ್ಮ ತೂಕ ಎಷ್ಟ್ರಿ?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. ನನ್ನ ತೂಕ ನಮ್ಮ ಮನೆಯಲ್ಲೂ ಯಾರಿಗೂ ಗೊತ್ತಿಲ್ಲ. ಅಪರಿಚಿತ ಗಂಡಸು, ಹಾಡಹಗಲು, ರಸ್ತೆಯ ಪಕ್ಕ. ಪಕ್ಕದ ಕಾಳಿನ ಅಂಗಡಿಯವರೂ ಕಿವಿ ಕೊಟ್ಟಿದ್ದರು. "ಐವತ್ತೈದು," ಅಂದುಬಿಟ್ಟೆ. ಸುಳ್ಳೆಂದು ಹೇಳಲಾರೆ. ಅದು ನನ್ನ ತೂಕವೇ, ಕಾಲೇಜಿನ ದಿನಗಳದು.

"ಕೆಲಸ ಮುಗಿಯೋತನ ಬಿಸಿಲಾಗ ಗಾಡಿಯಾಗ ಕುಂತೀರ್ಯಾಕ? ನಿಮ್ಮ ಬದಲಿ ಜೋಳ ಕೂಡಸ್ತೇನಿ," ಅಂದು ಮಿಸ್ತ್ರಿ ಪಕ್ಕದ ಅಂಗಡಿಯಲ್ಲಿ ಐವತ್ತೈದು ಕಿಲೋ ಜೋಳ ತೂಗಿಸಿ, ಚೀಲವನ್ನು ನನ್ನ ಕಸೂತಿ ದಿಂಬಿನ ಮೇಲೆಯೇ ಕೂರಿಸಿದರು. ನನಗಿಂತ ಅದು ನೆಟ್ಟಗೆ ಕೂತಿತು.

ಎರಡು ತಾಸು ಕೆಲಸ ನಡೆಯಿತು. ಜಾಕು ಏರಿಸಿ, ಸರಳಿನ ಬಿಗಿ ಬಿಡಿಸಿ, ಎರಡು ಹಲ್ಲು ಹಿಂದಕ್ಕೆ ತಂದು ಮತ್ತೆ ಕೂಡಿಸಿದರು. ಗಾಡಿ ಇಳಿಸಿ ಹಿಂದೆ ಮುಂದೆ ನಾಲ್ಕು ಸಲ ತಳ್ಳಿ ಕಾಲು ಸಡಿಲ ಮಾಡಿದರು. ಚಕ್ರದ ಪಕ್ಕ ಹಿತ್ತಾಳೆಯ ಗುಂಡು ಇಳಿಬಿಟ್ಟು, ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ದಾರದಿಂದ ಎಷ್ಟು ಅಂತರ ಎಂದು ಬೆರಳಿಟ್ಟು ನೋಡಿದರು. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು, ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಹಾಕಿದರು. ಆ ಗೆರೆ ನೋಡಿ ನನಗೆ ಕಾನ್ವೆಂಟಿನ ವರಾಂಡ ನೆನಪಾಯಿತು. ಸಿಸ್ಟರ್ ಒಬ್ಬರು ಹೀಗೆಯೇ ಗೆರೆ ಎಳೆದು, ನಮ್ಮ ತಲೆಯ ಮೇಲೆ ಅಟ್ಲಾಸ್ ಇಟ್ಟು, ಅದು ಬೀಳದ ಹಾಗೆ ನಡೆಸುತ್ತಿದ್ದರು. ನನ್ನ ಎಡ ಪಾದ ಸದಾ ಒಳಗೆ ತಿರುಗುತ್ತಿತ್ತು. "ನೆಟ್ಟಗೆ, ಮಗು, ನೆಟ್ಟಗೆ," ಎನ್ನುತ್ತಿದ್ದರು. ಎಲ್ಲರಿಗೂ ಒಂದೇ ಗೆರೆ, ಒಂದೇ ಅಟ್ಲಾಸ್. ಕುಳ್ಳಿಗೂ ಅದೇ, ಉದ್ದ ಹುಡುಗಿಗೂ ಅದೇ. ಅವರ ಮೇಲೆ ಸಿಟ್ಟಿಲ್ಲ ನನಗೆ. ಇವತ್ತಿಗೂ ಬೆನ್ನು ಬಾಗದೆ ನಡೆಯುತ್ತೇನೆಂದರೆ ಅವರ ಪುಣ್ಯ. ಆದರೆ ನಿನ್ನ ಪಾದ ಯಾಕೆ ಒಳಗೆ ತಿರುಗುತ್ತದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೂಟು ಒಂದು ಸೈಜು ಚಿಕ್ಕದಿತ್ತು.

"ಈಗ ಜೋಳ ಇಳಸ್ತೇನಿ, ನೀವ ಕೂಡ್ರಿ," ಅಂದರು ಮಿಸ್ತ್ರಿ. "ಒಂದ ಸಲ ಖರೇ ತೂಕಕ್ಕ ನೋಡ್ತೇನಿ."

ಕೂತೆ. ಅವರು ದಾರ ಹಿಡಿದರು. ಮತ್ತೆ ಹಿಡಿದರು. ಗುಂಡು ಇಳಿಬಿಟ್ಟು, ಬೆರಳಿಟ್ಟು, ಮುಖ ಸಿಂಡರಿಸಿದರು. ಎದ್ದು ನಿಂತು ಗಾಡಿಯನ್ನಲ್ಲ, ನನ್ನನ್ನು ನೋಡಿದರು.

"ಬಾಯಿ, ಚೀಲಾ ಕುಂತಾಗ ಸರಿ ಇತ್ತು. ನೀವ ಕುಂತ ಕೂಡ್ಲೆ ಬಲಕ್ಕ ಕುಸೀತಲ್ರಿ?"

ನಾನು ಸ್ಟೇರಿಂಗ್ ನೋಡಿದೆ.

"ಪರ್ಸಿನಾಗ ಏನರೇ ಕಬ್ಬಿಣಾ ಅದೇನು?"

"ಇಲ್ರಿ."

"ಮತ್ತ?"

"ಸಿಕ್ಸ್ಟಿ ಎಯ್ಟ್," ಅಂದೆ, ಸಣ್ಣ ದನಿಯಲ್ಲಿ. ನಾಚಿಕೆಯ ಸಂಗತಿಗಳು ನನಗೆ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತವೆ.

"ಕೇಳಸ್ಲಿಲ್ಲ. ಕನ್ನಡದಾಗ ಹೇಳ್ರಿ."

"ಅರವತ್ತೆಂಟು!" ಇಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಕಾಳಿನ ಅಂಗಡಿಯವರು ತಕ್ಕಡಿಯ ಹಿಂದೆ ತಲೆ ಬಗ್ಗಿಸಿ ನಕ್ಕರು.

"ತಪ್ಪ ನಂದೇ ಅದ," ಅಂದರು ಮಿಸ್ತ್ರಿ, ಗಂಭೀರವಾಗಿ ಕಿವಿ ಮುಟ್ಟಿಕೊಂಡು. "ಹೆಣ್ಮಕ್ಕಳ ತೂಕ ಕೇಳಿದ ಮ್ಯಾಲ ಹತ್ತ ಸೇರಸ್ಕೋ ಅಂತ ಉಸ್ತಾದರು ಹೇಳಿದ್ರು. ಮರ್ತೆ. ಆದ್ರ ನೀವ ಹದಿಮೂರ ಇಳಿಸೀರಿ ಬಾಯಿ, ಅದು ಭಾಳ ಆಯ್ತು."

ಮತ್ತೆ ಜಾಕು ಏರಿತು. ಈ ಸಲ ಅವರು ನನ್ನನ್ನು ಕರೆದು, ಬಗ್ಗಿ ನೋಡಲು ಹೇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲೂರಿ ನೋಡಿದೆ. ಗ್ರೀಸಿನ ಕಪ್ಪಿನಲ್ಲಿ ಎರಡು ಗೀರು ಬೆಳ್ಳಗೆ ಕಾಣುತ್ತಿದ್ದವು, ಕೂಸಿನ ಬಾಯಿಯ ಮೊದಲ ಹಲ್ಲುಗಳ ಹಾಗೆ.

"ಎರಡೂ ಇಳಿಸಿದ್ದೆ. ನಿಮ್ಮ ಖರೇ ತೂಕಕ್ಕ ಒಂದ ಹಲ್ಲ ವಾಪಸ ಏರಸ್ಬೇಕಾಗ್ತದ," ಅಂದರು. "ನಿಮ್ಮ ಅಪ್ಪಾರದು ಒಂದ ಉಳೀತು ನೋಡ್ರಿ."

ಅವರು ಅದನ್ನು ಲೆಕ್ಕಕ್ಕೆ ಹೇಳಿದರು, ನನ್ನನ್ನು ಸಮಾಧಾನ ಮಾಡಲಲ್ಲ. ನಾನು ಮೇಲೆದ್ದು ಮೊಣಕಾಲಿನ ಧೂಳು ಕೊಡವಿಕೊಂಡೆ. ತೂಕ ಹೆಚ್ಚಿದ್ದಕ್ಕೆ ಖುಷಿಪಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಉಳಿದ ಕೆಲಸ ಮುಗಿಯುವ ತನಕ ಗಾಡಿಯಲ್ಲೇ ಕೂತೆ. ಮಿಸ್ತ್ರಿ "ಉಸಿರ ಬಿಗಿ ಹಿಡೀಬ್ಯಾಡ್ರಿ, ಆರಾಮ ಕೂಡ್ರಿ," ಅನ್ನುವವರೆಗೆ ನಾನು ಹೊಟ್ಟೆ ಒಳಗೆಳೆದುಕೊಂಡಿದ್ದೆನೆಂದು ನನಗೇ ಗೊತ್ತಿರಲಿಲ್ಲ.

"ಸೀದಾ ಬೀದರಿಗಿ ಹೋಗಬ್ಯಾಡ್ರಿ," ಅಂದರು ಹೊರಡುವಾಗ. "ಔರಾದ ಮ್ಯಾಲ ಹಾಯ್ದ ಹೋಗ್ರಿ. ಆ ಉಕ್ಕಿನ ಸರಳ ಜಾಗಾ ಹಿಡೀಬೇಕಂದ್ರ ದೂರ ಓಡಬೇಕು. ಜಗ್ಗಿತು ಅಂದ್ರ ಅಲ್ಲಿಂದೇ ಹೊಳ್ಳಿ ಬರ್ರಿ."

ಭಾಲ್ಕಿ ದಾಟಿ ಬಯಲಿಗೆ ಬಿದ್ದ ಮೇಲೆ ವೇಗ ಏರಿಸಿದೆ. ಭುಜಗಳು ಅಭ್ಯಾಸದಿಂದ ಎಡಕ್ಕೆ ಒತ್ತಿದವು. ಗಾಡಿ ಎಡಕ್ಕೇ ಹೋಯಿತು! ಬೆದರಿ ಸಡಿಲ ಬಿಟ್ಟೆ. ನೆಟ್ಟಗಾಯಿತು. ಎರಡು ವರ್ಷ ಎಳೆತಕ್ಕೆ ಎದುರಾಗಿ ಹಿಡಿದೂ ಹಿಡಿದೂ ನನ್ನ ಕೈಗಳೇ ಓರೆಯಾಗಿದ್ದವು. ಅವನ್ನು ತಿದ್ದಲು ದಾರವೂ ಗುಂಡೂ ಇಲ್ಲ. ಹತ್ತು ಮೈಲಿ ಹೋಗುವಷ್ಟರಲ್ಲಿ ತಾವೇ ಕಲಿತವು.

ಹೊರಡುವಾಗಲೇ ಫೋನು ಮಾಡಿದ್ದರಿಂದ ಔರಾದದಲ್ಲಿ ಕಂಪೌಂಡರ್ ಕಾಕಾ ಬಸ್‌ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದರು. ಕೇಳದೆಯೇ ಎಡಗಡೆಯ ಬಾಗಿಲು ತೆರೆದು ತಮ್ಮ ಹಳೆಯ ಜಾಗದಲ್ಲಿ ಕೂತು, "ನಡಿ, ದವಾಖಾನಿತನ ಹೋಗಿ ಬರಮು," ಅಂದರು. ದವಾಖಾನೆ ಈಗ ಬಟ್ಟೆಯ ಅಂಗಡಿ. ಅಪ್ಪ ಕೂರುತ್ತಿದ್ದ ಕಡೆ ಗೊಂಬೆಯೊಂದು ಜರಿಸೀರೆ ಉಟ್ಟು ನಿಂತಿದೆ. ನಾವು ಇಳಿಯಲಿಲ್ಲ. ಒಂದು ಸುತ್ತು ಹೊಡೆದು ಬಂದೆವು. ಕಾಕಾ ಕಿಟಕಿಗೆ ಮೊಣಕೈ ಊರಿ ಕೂತಿದ್ದವರು, ಇಳಿಯುವಾಗ ಕೇಳಿದರು:

"ಏನ ಅಂದ ಅವ್ನು? ನನ್ನ ಬೈದಿರ್ಬೇಕು."

"ನಿಮಗ ಕೊಡಿ ಕಡ್ಡಿ ಅಂದ್ರು ಕಾಕಾ."

"ಅವ್ನ ಉಸ್ತಾದೂ ಹಂಗೇ ಅಂತಿದ್ದ. ಎರಡ ಚೀಲ ಉಸುಕ ನನ್ನ ತೊಡಿ ಮ್ಯಾಲ ಇಡ್ರಿ ಸಾಹೇಬ್ರ, ಗಾಡಿ ತಾನೇ ಸಮ ಆಗ್ತದ ಅಂತಿದ್ದ." ಬಾಗಿಲು ಹಾಕಿ, ಅದರ ಮೇಲೆ ಎರಡು ಸಲ ಅಂಗೈ ಬಡಿದರು. ಅಪ್ಪನನ್ನು ಹೀಗೆಯೇ ಬೀಳ್ಕೊಡುತ್ತಿದ್ದರು ಅವರು. "ಹೋಗಿ ಬಾರವಾ."

ಜನವಾಡದ ಕಡೆಯ ಆ ಸೇತುವೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಎದುರಿನಿಂದ ಬರುವವರಿಲ್ಲವೆಂದು ನೋಡಿಕೊಂಡು, ವೇಗ ಇಳಿಸಿ, ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಒಂದು ಬೆರಳಷ್ಟು ಮೇಲೆತ್ತಿದೆ. ನನ್ನ ವಯಸ್ಸಿನವಳು ಮಾಡುವ ಕೆಲಸವಲ್ಲ. ಗಾಡಿ ಆ ಕಡೆ ಈ ಕಡೆ ನೋಡದೆ ಸೇತುವೆಯ ಆ ತುದಿಯವರೆಗೂ ಗೆರೆಯ ಮೇಲೆ ನಡೆಯಿತು, ತಲೆಯ ಮೇಲೆ ಅಟ್ಲಾಸ್ ಇಟ್ಟುಕೊಂಡವರ ಹಾಗೆ.

ಮನೆ ಮುಟ್ಟುವಾಗ ಐದೂವರೆ. ಯಜಮಾನರು ಗೇಟು ತೆರೆದುಕೊಂಡೇ ನಿಂತಿದ್ದರು. ಅವರು ಕೆಳಗೆ ಬಗ್ಗಿ ಬಲಗಡೆಯ ಟೈರು ನೋಡಿದರು, ಆಮೇಲೆ ನನ್ನ ಮೊಣಕಾಲಿನ ಹತ್ತಿರ ಸೀರೆಗೆ ಹತ್ತಿದ್ದ ಗ್ರೀಸು ನೋಡಿದರು. ಗಾಡಿಗೆ ಹೊದಿಸಲೆಂದು ಅಟ್ಟದಿಂದ ಇಳಿಸಿದ್ದ ಹಳೆಯ ಚಾದರ ಕಟ್ಟೆಯ ಮೇಲಿತ್ತು. ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಚಹಾ ಮಾಡ್ತೇನಿ," ಎಂದು ಒಳಗೆ ಹೋದರು.

ಬೀಗದ ಕೈ ಪರ್ಸಿಗೆ ಹಾಕುತ್ತಿದ್ದೆ. ಎದುರು ಮನೆಯ ಅವ್ವನವರು ಬಟ್ಟಲು ಹಿಡಿದುಕೊಂಡು, ಅಂಗಳದ ಕಲ್ಲನ್ನು ಪಾದದಿಂದ ತಡವಿ ನೋಡುತ್ತಾ ಬಂದರು. ಗಾಡಿಯ ಕಡೆ ಒಮ್ಮೆ ಮಬ್ಬುಗಣ್ಣು ಕಿರಿದು ಮಾಡಿದರು.

"ಯಾಕವಾ, ಇವತ್ತ ಒಬ್ಬಾಕಿನೇ ಬಂದಿ?" 

"ನಾ ದಿನಾ ಒಬ್ಬಾಕಿನೇ ಬರ್ತೇನಲ್ರಿ ಅವ್ವಾ."

"ಇಲ್ಲ ತಗಿ. ದಿನಾ ಎಡಕಿನ ಮಗ್ಗಲ ಕುಸದ ಇರ್ತಿತ್ತು ಗಾಡಿ, ಬಾಜೂಕ ಯಾರೋ ಕುಂತಂಗ. ನಾ ಯಾರಂತ ಕೇಳ್ಲಿಕ್ಕಿ ಹೋಗ್ಲಿಲ್ಲ, ನಿಮ್ಮ ಮನೀ ಮಾತು." ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ಇರ್ಲಿ, ಹೆಪ್ಪ ಹಾಕ ಒಂದೀಟ. ಹುಳಿ ಇರ್ಲಾರದ್ದು ನೋಡಿ ಹಾಕು."